ಹೂಗ್ಲಿ ನದಿಯ ನಡುವೆ ಕಂಬ ಯಾಕಿಲ್ಲ?

ಬೆಂಗಳೂರಿನಿಂದ ಕೋಲ್ಕತ್ತಾಕ್ಕೆ ಅಂತ ರೈಲು ಹತ್ತಿದವರು ಸಾಮಾನ್ಯವಾಗಿ ಇಳಿಯುವುದು ಹೌರಾದಲ್ಲಿ. ಹೌರಾ ಕೋಲ್ಕತ್ತಾದ ಒಂದು ಬಡಾವಣೆ ಅಲ್ಲ. ಅದು ಬೇರೆಯೇ ಊರು, ಬೇರೆಯೇ ಜಿಲ್ಲೆ. ಪಶ್ಚಿಮದ ದಡದಲ್ಲಿ ಹೌರಾ, ಪೂರ್ವದ ದಡದಲ್ಲಿ ಕೋಲ್ಕತ್ತಾ, ನಡುವೆ ಹೂಗ್ಲಿ ನದಿ. ಹಳೇ ಸ್ಟೇಶನ್ನಿನ ಬಾಗಿಲಿಂದ ಹೊರಗೆ ಬಂದರೆ ನದಿ ದಾಟಲು ಮೂರು ದಾರಿ ಅಲ್ಲೇ ಇವೆ. ಎಡಗಡೆ ತಲೆ ಎತ್ತಿದರೆ ಹೌರಾ ಸೇತುವೆ. ಎದುರಿನ ರಸ್ತೆ ದಾಟಿದರೆ ಲಾಂಚ್ ಹತ್ತುವ ಘಾಟ್. ಕಾಲ ಕೆಳಗೆ, ನೆಲದಿಂದ ಮೂವತ್ತು ಮೀಟರಿಗೂ ಆಳದಲ್ಲಿ, ಮೆಟ್ರೋ.

ಬಹಳ ಜನ ಸೇತುವೆಯ ಗಾತ್ರ ನೋಡಿ ಬೆರಗಾಗಿ ಮುಂದೆ ಹೋಗುತ್ತಾರೆ. ನಾನು ಹೇಳಬೇಕೆಂದಿರುವುದು ಅಲ್ಲಿ ಇಲ್ಲದಿರುವ ಒಂದು ವಸ್ತುವಿನ ಬಗ್ಗೆ. ಸೇತುವೆಯ ಮಧ್ಯೆ ನಿಂತು ಕೆಳಗೆ ನೋಡಿ. ಅಷ್ಟು ಅಗಲದ ನೀರಿನ ನಡುವೆ ಒಂದೇ ಒಂದು ಕಂಬ ಇಲ್ಲ. ದಕ್ಷಿಣಕ್ಕೆ ಕಾಣುವ ವಿದ್ಯಾಸಾಗರ ಸೇತುವೆಗೂ ನಡುನೀರಿನಲ್ಲಿ ಕಂಬ ಇಲ್ಲ. ಆದರೆ ಉತ್ತರಕ್ಕೆ ಎಂಟೊಂಬತ್ತು ಕಿಲೋಮೀಟರ್ ಹೋಗಿ ದಕ್ಷಿಣೇಶ್ವರದಲ್ಲಿ ನಿಂತರೆ ಎರಡು ಸೇತುವೆ ಅಕ್ಕಪಕ್ಕ ಕಾಣುತ್ತವೆ. ಎರಡಕ್ಕೂ ನದಿಯೊಳಗೆ ಸಾಲಾಗಿ ಕಂಬಗಳಿವೆ. ನದಿ ಅದೇ, ಮಣ್ಣು ಅದೇ, ಊರೂ ಹೆಚ್ಚು ಕಡಿಮೆ ಅದೇ. ಹಾಗಾದರೆ ಈ ವ್ಯತ್ಯಾಸ ಯಾಕೆ?

ಉತ್ತರಕ್ಕೆ ಮೊದಲು ನದಿಯನ್ನು ನೋಡಬೇಕು. ಹೂಗ್ಲಿ ಅಂದರೆ ಗಂಗೆಯಿಂದ ಕವಲೊಡೆದು ದಕ್ಷಿಣಕ್ಕೆ ಹರಿಯುವ ನದಿ. ಕೋಲ್ಕತ್ತಾದಿಂದ ಸಮುದ್ರ ಸುಮಾರು 200 ಕಿಲೋಮೀಟರ್ ದೂರ. ಇಷ್ಟು ದೂರ ಇದ್ದರೂ ಸಮುದ್ರದ ಉಬ್ಬರ-ಇಳಿತ ಇಲ್ಲಿಯವರೆಗೂ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ಹೊತ್ತಿಗೆ ನದಿ ಹಿಮ್ಮುಖವಾಗಿ ಹರಿಯುವುದನ್ನು ಕಣ್ಣಾರೆ ನೋಡಬಹುದು. ಕೆಲವು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಉಬ್ಬರ ಎಷ್ಟು ಜೋರಾಗಿರುತ್ತದೆ ಅಂದರೆ ನೀರು ಒಂದು ಗೋಡೆಯಂತೆ ಎದ್ದು ನದಿಯ ಮೇಲ್ಮುಖವಾಗಿ ನುಗ್ಗುತ್ತದೆ. ಬಂಗಾಳಿಗಳು ಇದನ್ನು ಬಾನ್ ಎನ್ನುತ್ತಾರೆ. ಬಾನ್ ಬರುವ ಹೊತ್ತಿಗೆ ದೋಣಿಯವರು ದಡ ಬಿಟ್ಟು ನದಿಯ ನಡುವಿಗೆ ಹೋಗಿಬಿಡುತ್ತಾರೆ. ಅಲೆ ಮುರಿದು ಅಪ್ಪಳಿಸುವುದು ಆಳ ಕಡಿಮೆ ಇರುವ ದಡದಲ್ಲಿ. ಆಳವಾದ ನಡುನೀರಿನಲ್ಲಿ ದೋಣಿ ಸುಮ್ನೆ ಮೇಲೆದ್ದು ಕೆಳಗಿಳಿಯುತ್ತದೆ, ಅಷ್ಟೇ.

ಎರಡನೆಯದು ಮಣ್ಣು. ಕಾವೇರಿಯಲ್ಲೋ ತುಂಗಭದ್ರೆಯಲ್ಲೋ ಕಂಬ ನಿಲ್ಲಿಸುವವರಿಗೆ ಬಂಡೆ ಸಿಗುತ್ತದೆ. ಕೋಲ್ಕತ್ತಾದ ಅಡಿಯಲ್ಲಿ ಬಂಡೆ ಇಲ್ಲ. ನದಿಗಳೇ ತಂದು ಸುರಿದ ಮೆಕ್ಕಲು, ಜೇಡಿ, ಮರಳು ಪದರ ಪದರವಾಗಿ ಬಹಳ ಆಳದವರೆಗೆ ಹೋಗುತ್ತದೆ. ನೀರಿನಲ್ಲೂ ಯಾವಾಗಲೂ ಹೂಳು ತುಂಬಿರುತ್ತದೆ. ಇಂಥ ನದಿಯಲ್ಲಿ ಒಂದು ಕಂಬ ನಿಲ್ಲಿಸಿದರೆ ಏನಾಗುತ್ತದೆ? ಕಂಬದ ಪಕ್ಕದಲ್ಲಿ ನೀರಿನ ವೇಗ ಹೆಚ್ಚಿ ತಳದ ಮಣ್ಣು ಕೊಚ್ಚಿಹೋಗುತ್ತದೆ. ಕಂಬದ ಹಿಂದೆ ನೀರು ನಿಧಾನವಾಗಿ ಹೂಳು ಕೂರುತ್ತದೆ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ದಿಬ್ಬ. ಈ ನದಿಯ ನೀರು ಎರಡೂ ದಿಕ್ಕಿಗೆ ಹರಿಯುವುದರಿಂದ ದಿಬ್ಬ ಎರಡೂ ಕಡೆ ಬೆಳೆಯಬಹುದು.

ದಿಬ್ಬ ಬೆಳೆದರೆ ಯಾರಿಗೇನು ತೊಂದರೆ? ಹಡಗಿನವರಿಗೆ. ಮೂರನೆಯ ವಿಷಯ ಇದೇ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕೋಲ್ಕತ್ತಾ ಹುಟ್ಟಿದ್ದೇ ಬಂದರಾಗಿ. ಸಮುದ್ರದಿಂದ ಅಷ್ಟು ದೂರ ನದಿಯೊಳಗೆ ಹಡಗು ಬರಬೇಕಾದರೆ ಆಳ ಉಳಿಯಲೇಬೇಕು. ಹೂಳು ಆ ಬಂದರಿನ ಹಳೇ ಶತ್ರು. ಹೂಳನ್ನು ತೊಳೆದು ಸಮುದ್ರಕ್ಕೆ ತಳ್ಳಲೆಂದೇ ಗಂಗೆಗೆ ಫರಕ್ಕಾದಲ್ಲಿ ಬ್ಯಾರೇಜ್ ಕಟ್ಟಿ, ಸುಮಾರು 38 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1975ರಿಂದ ಹೂಗ್ಲಿಗೆ ನೀರು ಬಿಡುತ್ತಿದ್ದಾರೆ. ಇಷ್ಟೆಲ್ಲ ಕಷ್ಟಪಟ್ಟು ಕಾಪಾಡುವ ನದಿಯ ನಡುವೆ ಕಂಬ ನಿಲ್ಲಿಸುತ್ತೇವೆ ಅಂದರೆ ಬಂದರಿನವರು ಒಪ್ಪುತ್ತಾರಾ?

ಹೀಗಾಗಿ ಈ ನದಿಯ ಮೇಲೆ ಇಬ್ಬರ ಹಕ್ಕು ಇದೆ. ಅಡ್ಡಡ್ಡ ದಾಟುವವರದ್ದು ಒಂದು, ಉದ್ದಕ್ಕೆ ಸಾಗುವವರದ್ದು ಇನ್ನೊಂದು. ಇಲ್ಲಿ ಕಟ್ಟಿದ ಪ್ರತಿ ಸೇತುವೆಯೂ ಈ ಇಬ್ಬರ ನಡುವೆ ಮಾಡಿಕೊಂಡ ರಾಜಿ.

ಮೊದಲು ರಾಜಿ ಬೇಕಾಗಿರಲಿಲ್ಲ, ಸೇತುವೆಯೇ ಇರಲಿಲ್ಲ. 1854ರ ಆಗಸ್ಟ್ 15ರಂದು ಈಸ್ಟ್ ಇಂಡಿಯನ್ ರೈಲ್ವೆ ಹೌರಾದಿಂದ ಹೂಗ್ಲಿ ಪಟ್ಟಣಕ್ಕೆ ರೈಲು ಬಿಟ್ಟಿತು. ಪ್ರಯಾಣಿಕರೆಲ್ಲ ಆಚೆ ದಡದವರು. ಅವರಿಗಾಗಿ ಕೋಲ್ಕತ್ತಾದ ಕಡೆ ಆರ್ಮೇನಿಯನ್ ಘಾಟ್‌ನಲ್ಲೇ ರೈಲಿನ ಟಿಕೆಟ್ ಕೌಂಟರ್ ತೆರೆದರು. ರೈಲಿನ ಟಿಕೆಟ್ಟಿನಲ್ಲೇ ದೋಣಿಯ ದುಡ್ಡೂ ಸೇರಿತ್ತು. ಘಾಟ್‌ನಲ್ಲಿ ಟಿಕೆಟ್ ತಗೊಂಡು, ಸ್ಟೀಮರಿನಲ್ಲಿ ನದಿ ದಾಟಿ, ರೈಲು ಹತ್ತಬೇಕು.

1862ರಲ್ಲಿ ಬಂಗಾಳ ಸರ್ಕಾರ ಈ ರೈಲ್ವೆಯ ಮುಖ್ಯ ಎಂಜಿನಿಯರ್ ಜಾರ್ಜ್ ಟರ್ನ್‌ಬುಲ್ ಅವರಿಗೆ ಸೇತುವೆ ಸಾಧ್ಯವಾ ನೋಡಿ ಎಂದಿತು. ಕೋಲ್ಕತ್ತಾದಲ್ಲಿ ಬೇಡ ಎಂದು ಅವರು ವರದಿ ಕೊಟ್ಟರು. ಕೆಸರಿನಲ್ಲಿ ಪಾಯ ತುಂಬಾ ಆಳಕ್ಕೆ ಹೋಗಬೇಕು, ಹಡಗುಗಳಿಗೂ ಅಡ್ಡಿಯಾಗುತ್ತದೆ ಎಂಬುದು ಅವರ ಕಾರಣ. ಊರಿಂದ ಹನ್ನೆರಡು ಮೈಲಿ ಉತ್ತರದ ಪಲ್ತಾ ಘಾಟ್ ಬಳಿ ಗಟ್ಟಿ ಜೇಡಿಮಣ್ಣು ಇದೆ, ಅಲ್ಲಿ ಕಟ್ಟಬಹುದು ಎಂದರು. ಅದು ಆಗಲಿಲ್ಲ. ಊರಿನ ನಡುವೆ ರೈಲು ದಾಟುವ ಸೇತುವೆ ಕೊನೆಗೂ ಬರಲಿಲ್ಲ. ಕೋಲ್ಕತ್ತಾಕ್ಕೆ ಎರಡು ದೈತ್ಯ ರೈಲು ನಿಲ್ದಾಣ ಯಾಕಿವೆ ಅಂತ ಬಹಳ ಜನ ಕೇಳುತ್ತಾರೆ ಅಲ್ವಾ? ಕಾರಣ ಇದೇ. ಪಶ್ಚಿಮದಿಂದ ಬಂದ ಹಳಿ ಹೌರಾದಲ್ಲಿ ನಿಂತಿತು. ಪೂರ್ವದ ಕಡೆಯ ಹಳಿಗಳಿಗೆ ಸಿಯಾಲ್ದಾ ಬೆಳೆಯಿತು. ಎರಡನ್ನೂ ಕೂಡಿಸಲು 1887ರಲ್ಲಿ ಜುಬಿಲಿ ಸೇತುವೆ ಕಟ್ಟಿದ್ದು ಊರಿಂದ ಸುಮಾರು 40 ಕಿಲೋಮೀಟರ್ ಉತ್ತರಕ್ಕೆ, ನೈಹಾಟಿ ಮತ್ತು ಬ್ಯಾಂಡೆಲ್ ನಡುವೆ.

ಊರಿನ ಮೊದಲ ಸೇತುವೆಯಾದರೂ ಬಂತಾ ಅಂದರೆ, ಬಂತು, ತೇಲುವ ಸೇತುವೆಯಾಗಿ. ಬ್ರಾಡ್‌ಫರ್ಡ್ ಲೆಸ್ಲಿ ಎಂಬ ಎಂಜಿನಿಯರ್ ಇಂಗ್ಲೆಂಡಿನಲ್ಲಿ ಭಾಗಗಳನ್ನು ಮಾಡಿಸಿ, ಹಡಗಿನಲ್ಲಿ ತರಿಸಿ, ಇಲ್ಲಿ ಜೋಡಿಸಿದರು. ನೀರಿನ ಮೇಲೆ ಸಾಲಾಗಿ ತೇಲುವ ದೊಡ್ಡ ಡಬ್ಬಿಗಳು, ಅಂದರೆ ಪಾಂಟೂನ್‌ಗಳು. ಅವುಗಳ ಮೇಲೆ ರಸ್ತೆ. ಉದ್ದ 1,528 ಅಡಿ. ಇದರ ಜಾಣತನ ನೋಡಿ: ಪಾಯ ಬೇಡ, ಕಂಬ ಬೇಡ, ಕೆಸರಿನ ಚಿಂತೆಯೇ ಇಲ್ಲ. ಹಡಗು ಬಂದರೆ ನಡುವಿನ 200 ಅಡಿ ಭಾಗವನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ದಾರಿ ಬಿಡುವುದು, ಮತ್ತೆ ಕೂಡಿಸುವುದು.

ಕಟ್ಟುತ್ತಿರುವಾಗಲೇ ನದಿ ತನ್ನ ಬುದ್ಧಿ ತೋರಿಸಿತು. 1874ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕಿದ ಎಜೀರಿಯಾ ಎಂಬ ಸ್ಟೀಮರ್ ಲಂಗರು ಕಿತ್ತುಕೊಂಡು ಬಂದು ಸೇತುವೆಗೆ ಗುದ್ದಿತು. ಪಾಂಟೂನ್‌ಗಳು ಮುಳುಗಿದವು. ರಿಪೇರಿ ಮಾಡಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಿಗೆ ಬಿಟ್ಟರು. ಸೇತುವೆ ತೇಲುವುದರಿಂದ ಉಬ್ಬರ ಬಂದಾಗ ಮೇಲೇಳುತ್ತಿತ್ತು, ಇಳಿತದಲ್ಲಿ ಕೆಳಗೆ ಹೋಗುತ್ತಿತ್ತು. ದಡ ಮಾತ್ರ ಇದ್ದಲ್ಲೇ ಇರುತ್ತದಲ್ಲ. ಹಾಗಾಗಿ ದಡದಿಂದ ಸೇತುವೆಗೆ ಹೋಗುವ ಇಳಿಜಾರು ದಿನವಿಡೀ ಬದಲಾಗುತ್ತಿತ್ತು. ಭಾರ ತುಂಬಿದ ಎತ್ತಿನಗಾಡಿಗೆ ಇಳಿತದ ಹೊತ್ತು ಅಂದರೆ ಕಡಿದಾದ ಏರು. ಜೊತೆಗೆ ಸೇತುವೆ ಬಿಚ್ಚಿದಾಗಲೆಲ್ಲ ಎರಡೂ ದಡದಲ್ಲಿ ಗಾಡಿಗಳ ಸಾಲು. 1906ರಿಂದ ರಾತ್ರಿ ಹೊತ್ತೂ ಬಿಚ್ಚತೊಡಗಿದ ಮೇಲೆ ಹಗಲಿನ ಒತ್ತಡ ಸ್ವಲ್ಪ ಕಡಿಮೆಯಾಯಿತು. ತಾತ್ಕಾಲಿಕ ಅನ್ನಿಸುವಂಥ ಆ ಸೇತುವೆ ಕೊನೆಗೆ ಸುಮಾರು ಎಪ್ಪತ್ತು ವರ್ಷ ದುಡಿಯಿತು.

ಅದರ ಜಾಗಕ್ಕೆ ಏನು ಬರಬೇಕು ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. 1921ರಲ್ಲಿ ಉದ್ಯಮಿ, ಎಂಜಿನಿಯರ್ ರಾಜೇಂದ್ರನಾಥ ಮುಖರ್ಜಿ ಅವರ ಸಮಿತಿ ಕೂತಿತು. 1926ರಲ್ಲಿ ಹೊಸ ಸೇತುವೆಗಾಗಿ ಕಾಯಿದೆಯೇ ಆಯಿತು. ಕಂಬ ನಿಲ್ಲಿಸಿ ಸೇತುವೆ ಕಟ್ಟುವುದು ಸರಿಯಾ ಎಂದು ನೋಡುವುದಕ್ಕೆಂದೇ 1930ರಲ್ಲಿ ಇನ್ನೊಂದು ಸಮಿತಿ ಮಾಡಿದರು. ಕೊನೆಗೆ ನಿಂತ ತೀರ್ಮಾನ ಇದು: ಒಂದೇ ನೆಗೆತಕ್ಕೆ ನದಿ ದಾಟಬೇಕು. ಇನ್ನು ಮುಂದೆ ಬಿಚ್ಚಿ ಕೂಡಿಸುವ ಗೋಳು ಇರಬಾರದು, ನೀರಿನಲ್ಲಿ ಕಂಬವೂ ಇರಬಾರದು.

ಈಗಿನ ಹೌರಾ ಸೇತುವೆ ಹುಟ್ಟಿದ್ದು ಹೀಗೆ. ವಿನ್ಯಾಸ ರೆಂಡೆಲ್, ಪಾಮರ್ ಅಂಡ್ ಟ್ರಿಟನ್ ಕಂಪನಿಯದ್ದು. ಎರಡು ಗೋಪುರಗಳ ನಡುವಿನ ದೂರ 1,500 ಅಡಿ, ಅಂದರೆ 457 ಮೀಟರ್. ಇದು ಕ್ಯಾಂಟಿಲಿವರ್ ಸೇತುವೆ. ಈ ಪದ ಕೇಳಿ ಗಾಬರಿಯಾಗಬೇಡಿ. 1887ರಲ್ಲಿ ಲಂಡನ್ನಿನಲ್ಲಿ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ವಿವರಿಸಲು ಎಂಜಿನಿಯರ್ ಬೆಂಜಮಿನ್ ಬೇಕರ್ ಒಂದು ಪ್ರದರ್ಶನ ತೋರಿಸಿದ್ದರು. ಅದಕ್ಕಿಂತ ಚೆನ್ನಾಗಿ ಇದನ್ನು ಯಾರೂ ವಿವರಿಸಿಲ್ಲ ಎಂದು ನನ್ನ ಭಾವನೆ. ಇಬ್ಬರು ಕುರ್ಚಿ ಮೇಲೆ ಕೂತು ಎರಡೂ ಕೈ ಚಾಚುತ್ತಾರೆ. ಕೈಗಳಿಗೆ ಆಸರೆಯಾಗಿ ಕುರ್ಚಿಯ ಬುಡದಿಂದ ಓರೆಯಾಗಿ ಕೋಲು. ಹೊರಗಡೆಯ ಕೈಗಳಿಗೆ ಇಟ್ಟಿಗೆ ರಾಶಿ ಕಟ್ಟಿದೆ. ಒಳಗಡೆಯ ಕೈಗಳ ನಡುವೆ ಒಂದು ಹಲಗೆ ತೂಗಿದೆ. ಆ ಹಲಗೆ ಮೇಲೆ ಮೂರನೆಯವರು ಕೂರುತ್ತಾರೆ. ಅವರ ಪಾದ ನೆಲಕ್ಕೆ ತಾಕುವುದಿಲ್ಲ, ಆದರೂ ಬೀಳುವುದಿಲ್ಲ. ಅವತ್ತು ಹಾಗೆ ಕೂತವರು ಜಪಾನಿನ ಕೈಚಿ ವತನಬೆ ಎಂಬ ಎಂಜಿನಿಯರ್.

ಈಗ ಇದನ್ನು ಹೌರಾಕ್ಕೆ ತನ್ನಿ. ಕುರ್ಚಿ ಮೇಲೆ ಕೂತ ಇಬ್ಬರು ಅಂದರೆ ಎರಡು ಗೋಪುರಗಳು, ಒಂದೊಂದು ದಡಕ್ಕೆ ಒಂದೊಂದು. ನದಿಯ ಕಡೆ ಚಾಚಿದ ಕೈ ತಲಾ 468 ಅಡಿ. ದಡದ ಕಡೆಯ ಕೈ ತಲಾ 325 ಅಡಿ, ಅದರ ತುದಿಯನ್ನು ನೆಲಕ್ಕೆ ಬಿಗಿದಿದ್ದಾರೆ. ನಡುವೆ ತೂಗುವ ಹಲಗೆ 564 ಅಡಿ. 468, 468, 564 ಕೂಡಿಸಿದರೆ 1,500 ಸರಿಯಾಗಿ ಬರುತ್ತದೆ. ವಾಹನಗಳು ಓಡುವ ರಸ್ತೆ ಈ ಕೈಗಳ ಮೇಲೆ ಕೂತಿಲ್ಲ. ಅದು 39 ಜೊತೆ ಉಕ್ಕಿನ ಹ್ಯಾಂಗರ್‌ಗಳಿಂದ ಕೆಳಗೆ ತೂಗುತ್ತಿದೆ. ನಡೆದು ಹೋಗುವಾಗ ಪಕ್ಕದಲ್ಲಿ ಸಾಲಾಗಿ ಸಿಗುವ ಉಕ್ಕಿನ ತೊಲೆಗಳು ನಮ್ಮನ್ನು ಕೆಳಗಿಂದ ಹೊತ್ತಿಲ್ಲ, ಮೇಲಿಂದ ಹಿಡಿದಿವೆ.

ಗೋಪುರದ ಪಾಯ ಹಾಕಿದ ರೀತಿ ಇನ್ನೂ ರೋಚಕ. ಕೆಸರಿನಲ್ಲಿ ಗುಂಡಿ ತೋಡಿದರೆ ಅಂಚು ಕುಸಿದು ಗುಂಡಿ ಮುಚ್ಚಿಹೋಗುತ್ತದೆ. ಅದಕ್ಕೆ ಕೈಸನ್ ಎಂಬ ತಳವಿಲ್ಲದ ಭಾರೀ ಪೆಟ್ಟಿಗೆ ಕಟ್ಟುತ್ತಾರೆ. ಹೌರಾದ್ದು ಒಂದೊಂದೂ ಸುಮಾರು 55 ಮೀಟರ್ ಉದ್ದ, 25 ಮೀಟರ್ ಅಗಲ, ಒಳಗೆ ಬಾವಿಯಂಥ 21 ಕೊರೆಗಳು. ಬಾವಿಗಳಿಂದ ಕೆಸರು ಎತ್ತುತ್ತಾ ಹೋದಂತೆ ಪೆಟ್ಟಿಗೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕೋಲ್ಕತ್ತಾ ಕಡೆಯದು 31 ಮೀಟರ್ ಆಳಕ್ಕೆ ಇಳಿಯಿತು. ಹೌರಾ ಕಡೆ ಗಾಳಿಯ ಒತ್ತಡದಿಂದ ನೀರನ್ನು ತಡೆಹಿಡಿದು 26 ಮೀಟರಿಗೂ ಆಳಕ್ಕೆ ಇಳಿಸಿದರು. ಒಂದು ರಾತ್ರಿ ಕೆಸರು ತೆಗೆಯುವಾಗ ಅಡಿಯ ಮಣ್ಣು ಸಡಿಲವಾಗಿ ಇಡೀ ಪೆಟ್ಟಿಗೆ ಒಮ್ಮೆಲೇ ಎರಡು ಅಡಿ ಧೊಪ್ಪನೆ ಕುಸಿಯಿತು. ಖಿದಿರ್‌ಪುರದ ಭೂಕಂಪ ಮಾಪಕದಲ್ಲಿ ಅದು ಭೂಕಂಪ ಅಂತಲೇ ದಾಖಲಾಯಿತು! ಎತ್ತಿದ ಕೆಸರಿನ ಜೊತೆ ಲಂಗರುಗಳು, ಫಿರಂಗಿಗಳು, ಫಿರಂಗಿ ಗುಂಡುಗಳು, ಹಿತ್ತಾಳೆ ಪಾತ್ರೆಗಳು, ಈಸ್ಟ್ ಇಂಡಿಯಾ ಕಂಪನಿ ಕಾಲದ ನಾಣ್ಯಗಳು ಬಂದವು. ಹಡಗಿನವರ ಒಂದಿಡೀ ಇತಿಹಾಸ ಆ ಹೂಳಿನಲ್ಲಿ ಹೂತಿತ್ತು.

ಸುಮಾರು 26,500 ಟನ್ ಉಕ್ಕು ಬೇಕಾಯಿತು. ಅದರಲ್ಲಿ 23,000 ಟನ್ನಿನಷ್ಟನ್ನು ಟಾಟಾ ಕಾರ್ಖಾನೆ ಕೊಟ್ಟಿತು. ಯುದ್ಧದ ಕಾಲ, ಇಂಗ್ಲೆಂಡಿನಿಂದ ಉಕ್ಕು ಬರುವುದು ಕಷ್ಟವಾಗಿತ್ತು. ಎಲ್ಲವನ್ನೂ ರಿವೆಟ್ ಹೊಡೆದು ಕೂಡಿಸಿದರು, ನಟ್ಟು-ಬೋಲ್ಟು ಇಲ್ಲ. ರಿವೆಟ್ಟನ್ನು ಕಾಯಿಸಿ ತೂತಿಗೆ ತೂರಿಸಿ ಬಡಿಯುತ್ತಾರೆ. ತಣ್ಣಗಾದಾಗ ಅದು ಕುಗ್ಗಿ ಎರಡು ತಗಡನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಕಟ್ಟುವಾಗಲೂ ನದಿಯಲ್ಲಿ ಆಸರೆ ಕಂಬ ನಿಲ್ಲಿಸಲಿಲ್ಲ. ಎರಡೂ ದಡದಿಂದ ಶುರು ಮಾಡಿ, ಕಟ್ಟಿದ ಭಾಗದ ಮೇಲೆಯೇ ಕ್ರೇನ್ ತೆವಳಿಸುತ್ತಾ, ಗಾಳಿಯಲ್ಲೇ ಮುಂದಕ್ಕೆ ಬೆಳೆಸುತ್ತಾ ಬಂದರು. 1941ರ ಡಿಸೆಂಬರ್ ಹೊತ್ತಿಗೆ ನಡುವಿನ ಭಾಗದ ಎರಡು ಅರ್ಧಗಳು, ತಲಾ 282 ಅಡಿ, ಎದುರುಬದುರು ಬಂದು ನಿಂತವು. 800 ಟನ್ ಶಕ್ತಿಯ 16 ಹೈಡ್ರಾಲಿಕ್ ಜಾಕ್‌ಗಳನ್ನು ಹಚ್ಚಿ ಅವನ್ನು ಕೂಡಿಸಿದರು. ಕೆಳಗೆ ಹಡಗು ಸಂಚಾರಕ್ಕೆ ಅಡ್ಡಿಯಾಗಲಿಲ್ಲ.

1943ರ ಫೆಬ್ರವರಿ 3ರಂದು ಸೇತುವೆ ತೆರೆಯಿತು. ಜಪಾನಿ ವಿಮಾನಗಳ ಭಯ ಇದ್ದ ಕಾಲ. ದೊಡ್ಡ ಸಮಾರಂಭ ಮಾಡಲಿಲ್ಲ. ಮೊದಲು ದಾಟಿದ್ದು ಒಂಟಿ ಟ್ರಾಮ್. ಆಗ ಜಗತ್ತಿನ ಕ್ಯಾಂಟಿಲಿವರ್ ಸೇತುವೆಗಳಲ್ಲಿ ಕ್ವಿಬೆಕ್ ಮತ್ತು ಫೋರ್ತ್ ಬಿಟ್ಟರೆ ಇದೇ ದೊಡ್ಡದು. 1965ರಲ್ಲಿ ಇದಕ್ಕೆ ರವೀಂದ್ರ ಸೇತು ಎಂದು ಹೆಸರಿಟ್ಟರು. ಜನ ಈಗಲೂ ಕರೆಯುವುದು ಹೌರಾ ಬ್ರಿಜ್ ಅಂತಲೇ. 1993ರಲ್ಲಿ ಟ್ರಾಮ್ ನಿಂತಿತು. ಆದರೆ ದಿನಕ್ಕೆ ಲಕ್ಷದಷ್ಟು ವಾಹನ, ಅದಕ್ಕಿಂತ ಹೆಚ್ಚು ಪಾದಚಾರಿಗಳು ದಾಟುತ್ತಾರೆ.

ಆ ಕಾಲುದಾರಿಯನ್ನು ಹತ್ತಿರದಿಂದ ನೋಡಲೇಬೇಕು. ಪೂರ್ವದ ತುದಿಯ ಕೆಳಗೆ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆ ಇದೆ. ಬೆಳಗಿನ ಹೊತ್ತು ಚೆಂಡುಹೂವಿನ ಮಾಲೆಗಳ ದಪ್ಪ ಸುರುಳಿಗಳನ್ನು ತಲೆ ಮೇಲೆ, ಹೆಗಲ ಮೇಲೆ ಹೊತ್ತ ಕೂಲಿಗಳು ಸೇತುವೆ ಮೇಲೆ ಓಡುನಡಿಗೆಯಲ್ಲಿ ಬರುತ್ತಾರೆ. ಭಾರ ಹೊತ್ತವರು ನಿಲ್ಲುವುದಿಲ್ಲ, ನಾವೇ ಪಕ್ಕಕ್ಕೆ ಸರಿಯಬೇಕು. ಹಾಗೆ ಸರಿದು ಹ್ಯಾಂಗರ್ ಪಕ್ಕ ನಿಂತಾಗ ಅದರ ಬುಡ ಗಮನಿಸಿ. ಫೈಬರ್‌ಗ್ಲಾಸ್ ಹೊದಿಕೆ ಹಾಕಿರುವುದು ಕಾಣುತ್ತದೆ. ಕಾರಣ ಪಾನ್. ಜನ ಎಲೆ-ಅಡಿಕೆ ಜಗಿದು ಉಗಿದು ಉಗಿದು, ಸುಣ್ಣ ಮತ್ತು ಎಂಜಲಿನ ರಸ ಸೇರಿ ಉಕ್ಕನ್ನು ತಿಂದಿತ್ತು. ಬುಡಕ್ಕೆ ಹಾಕಿದ್ದ ಉಕ್ಕಿನ ಕವಚದ ದಪ್ಪ ಕೆಲವೇ ವರ್ಷಗಳಲ್ಲಿ 6 ಮಿಲಿಮೀಟರಿನಿಂದ 3 ಮಿಲಿಮೀಟರಿಗೆ ಇಳಿದಿದ್ದನ್ನು ನೋಡಿ, ಸೇತುವೆಯನ್ನು ನೋಡಿಕೊಳ್ಳುವ ಬಂದರಿನ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ರಸ್ತೆ ಆ ಹ್ಯಾಂಗರ್‌ಗಳಿಂದಲೇ ತೂಗುತ್ತಿದೆ ಎನ್ನುವುದು ನೆನಪಿದ್ದರೆ ಇದು ಎಷ್ಟು ಗಂಭೀರ ಅಂತ ತಿಳಿಯುತ್ತದೆ. ಹಕ್ಕಿಗಳ ಹಿಕ್ಕೆಯೂ ಹೀಗೇ ಉಕ್ಕಿಗೆ ಹಾನಿ ಮಾಡುತ್ತದೆ. ಯುದ್ಧ, ಬಿರುಗಾಳಿ ಎಲ್ಲ ತಡೆದ ಸೇತುವೆ ಇದು. ನಾವು ಬಾಯಿ ಬಿಗಿಹಿಡಿದರೆ ಸಾಕು, ಇನ್ನೂ ಎಷ್ಟೋ ಕಾಲ ನಿಲ್ಲುತ್ತದೆ.

ಉದ್ದಕ್ಕೆ ಸಾಗುವವರ ಜೊತೆ ಜಗಳ ಪೂರ್ತಿ ಮುಗಿದಿಲ್ಲ. 2005ರ ಜೂನ್‌ನಲ್ಲಿ ಉಬ್ಬರದ ಹೊತ್ತಿಗೆ ಕೆಳಗೆ ನುಸುಳಲು ಹೋದ ಒಂದು ಸರಕು ಹಡಗಿನ ಹೊಗೆಗೊಳವೆ ಸೇತುವೆಯ ಅಡಿಗೆ ಸಿಕ್ಕಿಕೊಂಡಿತು. ಮೂರು ತಾಸು ಅಲ್ಲೇ ಸಿಕ್ಕಿಬಿದ್ದು, ಅಡಿಯ ತೊಲೆಗಳನ್ನು ಜಜ್ಜಿಹಾಕಿತು. ಇಳಿತದ ಹೊತ್ತಿನಲ್ಲಿ ಸಲೀಸಾಗಿ ಹೋಗುವ ಹಡಗಿಗೆ ಉಬ್ಬರದಲ್ಲಿ ಜಾಗ ಸಾಲದೇ ಹೋಗಬಹುದು. ಇಲ್ಲಿ ಸೇತುವೆಯ ಎತ್ತರ ಅಂದರೆ ದಿನಕ್ಕೆ ನಾಲ್ಕು ಸಲ ಬದಲಾಗುವ ಲೆಕ್ಕ.

ಒಂದೇ ಸೇತುವೆ ಸಾಲದು ಎನ್ನುವುದು ಬೇಗ ಗೊತ್ತಾಯಿತು. 1972ರಲ್ಲಿ ಇಂದಿರಾ ಗಾಂಧಿ ಎರಡನೇ ಸೇತುವೆಗೆ ಅಡಿಗಲ್ಲು ಹಾಕಿದರು. ಕೆಲಸ ಶುರುವಾಗಿದ್ದು 1979ರಲ್ಲಿ. ತೆರೆದದ್ದು 1992ರ ಅಕ್ಟೋಬರ್ 10ರಂದು. ಅಡಿಗಲ್ಲಿನಿಂದ ಉದ್ಘಾಟನೆಗೆ ಇಪ್ಪತ್ತು ವರ್ಷ, ಇದು ತೀರಾ ಜಾಸ್ತಿ ಆಯಿತು. ಅದೇ ವಿದ್ಯಾಸಾಗರ ಸೇತು. ಹೌರಾ ಸೇತುವೆಗಿಂತ ತೀರಾ ಬೇರೆ ಬಗೆಯದು. ಆದರೆ ನಡುವಿನ ನೆಗೆತ ನೋಡಿ: 457.2 ಮೀಟರ್. ಅದೇ 1,500 ಅಡಿ! ನೀರಿನ ನಡುವೆ ಕಂಬ ಬೇಡ ಎಂಬ ನಿಯಮ ಈ ಐವತ್ತು ವರ್ಷದಲ್ಲಿ ಬದಲಾಗಿರಲಿಲ್ಲ. ಬದಲಾಗಿದ್ದು ದಾಟುವ ಉಪಾಯ.

ಇದು ಕೇಬಲ್ ಸೇತುವೆ. ಜರ್ಮನಿಯ ಶ್ಲೈಶ್ ಬೆರ್ಗರ್‌ಮನ್ ಸಂಸ್ಥೆಯ ವಿನ್ಯಾಸ. ಸುಮಾರು 127 ಮೀಟರ್ ಎತ್ತರದ ಗೋಪುರಗಳ ತುದಿಯಿಂದ ಬೀಸಣಿಗೆಯಂತೆ ಹರಡಿದ 121 ಕೇಬಲ್‌ಗಳು ರಸ್ತೆಯನ್ನು ನೇರವಾಗಿ ಎಳೆದು ಹಿಡಿದಿವೆ. ಹೌರಾದಲ್ಲಿ ಭಾರ ಉಕ್ಕಿನ ಜಾಲದೊಳಗೆ ಬಳಸುದಾರಿಯಲ್ಲಿ ಸಾಗಿ ಗೋಪುರಕ್ಕೆ ಹೋಗುತ್ತದೆ. ಇಲ್ಲಿ ಕೇಬಲ್ ಹಿಡಿದು ಸೀದಾ ಹೋಗುತ್ತದೆ. ಹಾಗಾಗಿ ಮೇಲೆ ಉಕ್ಕಿನ ಕಾಡು ಇಲ್ಲ, ಕಣ್ಣಿಗೆ ಹಗುರ. ಕೇಬಲ್ ಓರೆಯಾಗಿ ಎಳೆಯುವುದರಿಂದ ರಸ್ತೆಯ ಹಾಸು ಎರಡೂ ಕಡೆಯಿಂದ ಗೋಪುರದತ್ತ ಅದುಮಲ್ಪಡುತ್ತದೆ. ಅದಕ್ಕೇ ಉಕ್ಕಿನ ಜೊತೆ ಕಾಂಕ್ರೀಟ್ ಹಾಸು. ಕಾಂಕ್ರೀಟಿಗೆ ಅದುಮುವಿಕೆ ಅಂದರೆ ಕಷ್ಟವೇ ಅಲ್ಲ. ಇನ್ನೊಂದು ಅನುಕೂಲ ಇದೆ: ಕೇಬಲ್ ಹಳೆಯದಾದರೆ ಒಂದೊಂದಾಗಿ ಬದಲಿಸಬಹುದು. ಮೂವತ್ತು ವರ್ಷ ದಾಟಿದ ಮೇಲೆ ಈಗ ಆ ಕೆಲಸವೇ ನಡೆದಿದೆ. ಅದಕ್ಕಾಗಿ ಆಗಾಗ ಸೇತುವೆಯ ಒಂದು ಭಾಗ ಮುಚ್ಚುತ್ತಾರೆ.

ಈಗ ಉತ್ತರಕ್ಕೆ, ದಕ್ಷಿಣೇಶ್ವರಕ್ಕೆ ಬರೋಣ. ಇಲ್ಲಿನ ಹಳೆಯದು ವಿವೇಕಾನಂದ ಸೇತು. 1930ರ ದಶಕದ ಶುರುವಿನಲ್ಲಿ ವಿಲ್ಲಿಂಗ್ಡನ್ ಸೇತುವೆ ಎಂಬ ಹೆಸರಿನಲ್ಲಿ ಬಂದದ್ದು. ರೈಲು, ರಸ್ತೆ ಎರಡೂ ಇದರ ಮೇಲಿವೆ. ಹೌರಾದ ಬಗ್ಗೆ ಸಮಿತಿ ಮೇಲೆ ಸಮಿತಿ ಕೂತಿದ್ದ ಅದೇ ಹೊತ್ತಿಗೆ ಇದನ್ನು ಕಂಬಗಳ ಮೇಲೆ ನಿಲ್ಲಿಸಿಬಿಟ್ಟರು. ಕಾರಣ ಸರಳ. ದೊಡ್ಡ ಹಡಗುಗಳ ಬಂದರು ಇರುವುದು ಕೆಳಗೆ, ಊರಿನ ದಕ್ಷಿಣದಲ್ಲಿ. ಇಷ್ಟು ಮೇಲೆ ಅವು ಬರಬೇಕಾಗಿಲ್ಲ. ಉದ್ದಕ್ಕೆ ಸಾಗುವವರ ಹಕ್ಕು ಸಡಿಲವಾದ ಕಡೆ ಕಂಬ ಬಂತು. ನಕ್ಷೆ ನೋಡದೆಯೇ, ಬರೀ ಕಂಬ ನೋಡಿ ಬಂದರು ಯಾವ ಕಡೆ ಇದೆ ಅಂತ ಹೇಳಬಹುದು.

ಅದರ ಪಕ್ಕದಲ್ಲೇ 2007ರಲ್ಲಿ ತೆರೆದದ್ದು ನಿವೇದಿತಾ ಸೇತು. ಕಂಬದಿಂದ ಕಂಬಕ್ಕೆ ತಲಾ 110 ಮೀಟರಿನ ಏಳು ಕಣ್ಣು. ಇಲ್ಲಿ ಹಡಗಿನವರ ಬದಲು ಬೇರೊಬ್ಬರ ಹಕ್ಕು ಎದುರಾಯಿತು. ದಕ್ಷಿಣೇಶ್ವರದ ಕಾಳಿ ದೇವಾಲಯ, ಶ್ರೀರಾಮಕೃಷ್ಣರು ಬಾಳಿದ ಜಾಗ, ಅಲ್ಲೇ ದಡದಲ್ಲಿದೆ. ಸೇತುವೆಯ ಗೋಪುರಗಳು ದೇವಾಲಯದ ಶಿಖರಕ್ಕಿಂತ ಎತ್ತರ ಏಳಬಾರದು ಎಂದು ತೀರ್ಮಾನವಾಯಿತು. ಕೇಬಲ್ ಸೇತುವೆಗೆ ಎತ್ತರದ ಗೋಪುರವೇ ಜೀವಾಳ. ಅದನ್ನು ಗಿಡ್ಡ ಮಾಡಿದರೆ ಕೇಬಲ್ ತೀರಾ ಓರೆಯಾಗಿ, ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕೆ ಇರುವ ಉಪಾಯ ಎಕ್ಸ್‌ಟ್ರಾಡೋಸ್ಡ್ ವಿನ್ಯಾಸ. ಸುಮಾರು 14 ಮೀಟರಿನ ಗಿಡ್ಡ ಗೋಪುರ. ಅರ್ಧ ಕೆಲಸ ಕೇಬಲ್ಲಿನದ್ದು, ಉಳಿದದ್ದು ದಪ್ಪನೆಯ ಕಾಂಕ್ರೀಟ್ ತೊಲೆಯದ್ದು. 2025ರಲ್ಲಿ ಶರಾವತಿ ಹಿನ್ನೀರಿಗೆ ಬಂದ ಸಿಗಂದೂರು ಸೇತುವೆಯಲ್ಲಿ ಗಿಡ್ಡ ಗೋಪುರ, ಓರೆ ಕೇಬಲ್ ನೋಡಿದ್ದೀರಲ್ಲ, ಅದೇ ಜಾತಿ.

ಮೇಲಿನಿಂದ ದಾಟುವುದು ಇಷ್ಟು ಕಷ್ಟವಾದರೆ ಕೆಳಗಿನಿಂದ? ಈ ಯೋಚನೆಗೆ ನೂರು ವರ್ಷ ದಾಟಿದೆ. ಲಂಡನ್ನಿನ ಸುರಂಗ ರೈಲುಗಳಲ್ಲಿ ಪಳಗಿದ್ದ ಹಾರ್ಲಿ ಡಾಲ್‌ರಿಂಪಲ್-ಹೇ 1921ರಲ್ಲೇ ನದಿಯಡಿ ಹಾದು ಹೌರಾ-ಕೋಲ್ಕತ್ತಾ ಕೂಡಿಸುವ ರೈಲಿನ ಯೋಜನೆ ಕೊಟ್ಟಿದ್ದರು. ದುಡ್ಡಿಲ್ಲದೆ ಅದು ಬಿದ್ದುಹೋಯಿತು. ಆದರೆ ಅವರ ಕೈಯಲ್ಲೇ 1931ರಲ್ಲಿ ಹೂಗ್ಲಿಯಡಿ ಒಂದು ಪುಟ್ಟ ಸುರಂಗ ಆಯಿತು. ಜನಕ್ಕಲ್ಲ, ವಿದ್ಯುತ್ ಕೇಬಲ್ಲಿಗೆ. ನಗರದ ವಿದ್ಯುತ್ ಕಂಪನಿ ಅದನ್ನು ಮಾಡಿಸಿಕೊಂಡಿತು. ಹೌರಾ ಸೇತುವೆಗಿಂತ ಮೊದಲೇ ಕರೆಂಟು ನದಿ ದಾಟಿತ್ತು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ರೈಲು ದಾಟಿದ್ದು 2024ರಲ್ಲಿ. ಆ ವರ್ಷದ ಮಾರ್ಚ್ 6ರಂದು ಹೌರಾ ಮೈದಾನದಿಂದ ಎಸ್ಪ್ಲನೇಡ್‌ವರೆಗಿನ ಮೆಟ್ರೋ ತೆರೆಯಿತು. ದೇಶದಲ್ಲಿ ನದಿಯಡಿ ಹೋಗುವ ಮೊದಲ ಮೆಟ್ರೋ ಇದು. ನದಿಯಡಿಯ ಭಾಗ ಸುಮಾರು 520 ಮೀಟರ್. ನದಿಯ ತಳಕ್ಕಿಂತಲೂ ಸುಮಾರು 13 ಮೀಟರ್ ಕೆಳಗೆ ಅವಳಿ ಸುರಂಗಗಳಿವೆ. 2017ರಲ್ಲಿ ರಚನಾ, ಪ್ರೇರಣಾ ಎಂಬ ಎರಡು ಯಂತ್ರಗಳು ಇವನ್ನು ಕೊರೆದವು. ಯಂತ್ರ ಮುಂದೆ ಕೊರೆಯುತ್ತಾ ಹೋದಂತೆ ಹಿಂದೆಯೇ ಕಾಂಕ್ರೀಟ್ ತುಂಡುಗಳನ್ನು ಉಂಗುರದಂತೆ ಜೋಡಿಸುತ್ತಾ ಬರುತ್ತಾರೆ. ತುಂಡುಗಳ ಸಂದಿಯಲ್ಲಿ ನೀರು ತಾಕಿದರೆ ಉಬ್ಬಿ ಇನ್ನಷ್ಟು ಬಿಗಿಯಾಗುವ ಪಟ್ಟಿ ಇರುತ್ತದೆ. ರೈಲು ನದಿ ದಾಟಲು ಬೇಕಾಗುವುದು 45 ಸೆಕೆಂಡ್. ನದಿಯ ಕೆಳಗೆ ಬಂದಿದ್ದೇವೆ ಅಂತ ತಿಳಿಯಲಿ ಎಂದು ಸುರಂಗದ ಗೋಡೆಗೆ ನೀಲಿ ದೀಪ ಹಾಕಿದ್ದಾರೆ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಕಾಯುವುದು ಆ ನೀಲಿಗೇ.

ನದಿಯಡಿ ಸುರಂಗ ಅಂದರೆ ಎಲ್ಲರಿಗೂ ಭಯ ಇದ್ದದ್ದು ನದಿಯ ಬಗ್ಗೆ. ದುರಂತ ಆದದ್ದು ಬೇರೆ ಕಡೆ. 2019ರ ಆಗಸ್ಟ್ 31ರಂದು, ನದಿಯಿಂದ ದೂರ, ಬೌಬಜಾರಿನ ಹಳೇ ಮನೆಗಳ ಅಡಿಯಲ್ಲಿ ಇದೇ ಮಾರ್ಗದ ಯಂತ್ರ ಅಂತರ್ಜಲದ ಪದರಕ್ಕೆ ತಾಗಿತು. ನೀರು, ಮಣ್ಣು ಸುರಂಗಕ್ಕೆ ನುಗ್ಗಿದವು. ಮೇಲಿನ ನೆಲ ಕುಸಿದು ಮನೆಗಳು ಬಿದ್ದವು. ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಬಂದವು. ನದಿಯಡಿಯ ದಪ್ಪ ಜೇಡಿ ಸುರಂಗಕ್ಕೆ ಒಳ್ಳೆಯ ಹೊದಿಕೆ. ನೀರು ತುಂಬಿದ ಸಡಿಲ ಮರಳಿನ ಪದರ ಅದಕ್ಕಿಂತ ಅಪಾಯ. ಪೂರ್ತಿ ಮಾರ್ಗ ಸಾಲ್ಟ್ ಲೇಕ್‌ವರೆಗೆ ಕೂಡಲು 2025ರ ಆಗಸ್ಟ್ ಬರಬೇಕಾಯಿತು.

ಇಷ್ಟೆಲ್ಲ ಬಂದರೂ ಲಾಂಚ್ ನಿಂತಿಲ್ಲ. ಹೌರಾದಿಂದ ಬಾಬುಘಾಟ್, ಫೇರ್ಲಿ, ಆರ್ಮೇನಿಯನ್ ಘಾಟ್, ಬಾಗ್‌ಬಜಾರ್ ಕಡೆ ದಿನವಿಡೀ ಓಡುತ್ತವೆ. ಆಫೀಸಿಗೆ ಹೋಗುವವರು ಸೈಕಲ್ ಸಮೇತ ಹತ್ತುತ್ತಾರೆ. ಲಾಂಚ್ ಹತ್ತುವ ಜೆಟ್ಟಿಯನ್ನು ಗಮನಿಸಿ. ಅದು ತೇಲುವ ಪಾಂಟೂನ್. ದಡದಿಂದ ಅದಕ್ಕೆ ಕೀಲು ಹಾಕಿದ ಕಬ್ಬಿಣದ ದಾರಿ. ಉಬ್ಬರದಲ್ಲಿ ದಾರಿ ಸಪಾಟಾಗಿರುತ್ತದೆ, ಇಳಿತದಲ್ಲಿ ಜಾರುಬಂಡೆಯಷ್ಟು ಕಡಿದು. ಲೆಸ್ಲಿಯ ಸೇತುವೆಯಲ್ಲಿ ಎತ್ತಿನಗಾಡಿಯವರು ಪಟ್ಟ ಪಾಡು ಹೇಗಿತ್ತು ಅಂತ ಇಲ್ಲಿ ಕಾಲಿಗೇ ಗೊತ್ತಾಗುತ್ತದೆ.

ವಿದ್ಯಾಸಾಗರ ಸೇತುವಿನ ದಕ್ಷಿಣಕ್ಕೆ, ಸಮುದ್ರದವರೆಗೂ, ಹೂಗ್ಲಿಗೆ ಒಂದೂ ಸೇತುವೆ ಇಲ್ಲ. ನದಿ ಅಗಲವಾಗುತ್ತಾ ಹೋಗುತ್ತದೆ. ಹಡಗುಗಳ ದಾರಿ ಅದೇ. ಬಜ್‌ಬಜ್, ರಾಯ್‌ಚಕ್ ಕಡೆಯ ಜನ ಈಗಲೂ ನೀರಿನ ಮೇಲೆಯೇ ದಾಟುತ್ತಾರೆ.

ಕೋಲ್ಕತ್ತಾದಲ್ಲಿ ಒಂದು ದಿನ ಬಿಡುವು ಸಿಕ್ಕಿದರೆ ಹೀಗೆ ಮಾಡಿ. ಬೆಳಗ್ಗೆ ದಕ್ಷಿಣೇಶ್ವರದಿಂದ ಬೇಲೂರು ಮಠಕ್ಕೆ ದೋಣಿ ಹಿಡಿಯಿರಿ. ಅದು ಎರಡೂ ಸೇತುವೆಗಳ ಕೆಳಗೆ ಕಂಬಗಳ ನಡುವೆಯೇ ಹೋಗುತ್ತದೆ. ಕಂಬದ ಸುತ್ತ ನೀರು ಸುಳಿಯುವುದು, ಹಿಂದೆ ಮಂದವಾಗುವುದು ಹತ್ತಿರದಿಂದ ಕಾಣುತ್ತದೆ. ಮಧ್ಯಾಹ್ನ ಹೌರಾಕ್ಕೆ ಬಂದು ಲಾಂಚಿನಲ್ಲಿ ಕೋಲ್ಕತ್ತಾದ ಕಡೆ ಹೋಗಿ. ಸಂಜೆ ಬಿಸಿಲು ಇಳಿದ ಮೇಲೆ ಹೌರಾ ಸೇತುವೆಯ ಮೇಲೆ ನಡೆದು ವಾಪಸ್ ಬನ್ನಿ. ಸೇತುವೆಯ ಮೇಲೆ ಫೋಟೋ ತೆಗೆಯಬೇಡಿ ಎಂದು ಯಾರಾದರೂ ತಡೆದರೆ ವಾದ ಬೇಡ, ಸುಮ್ನೆ ಕ್ಯಾಮೆರಾ ಒಳಗಿಡಿ. ರಾತ್ರಿ ಊಟಕ್ಕೆ ಮತ್ತೆ ಆಚೆ ಹೋಗಬೇಕಾದರೆ ಮೆಟ್ರೋ ಇದೆ.